ನಾವು ನೆಲೆಸಿದ ಊರು ಕೊಲಂಬಿಯ

– ಕನ್ನಡ ಶಿಕ್ಷಕಿ, ಬಿ.ಎ., ಬಿ.ಎಡ್.

ಇಬ್ಬರು ಕನ್ನಡಿಗರು ಮೊದಲ ಸಲ ಭೇಟಿಯಾದರೆ ಹೆಸರು ಕೇಳಿದ ಬೆನ್ನಿಗೇ ಬರುವ ಪ್ರಶ್ನೆ, "ನಿಮ್ಮ ಊರು ಯಾವುದು?" ಅಮೆರಿಕಕ್ಕೆ ಬಂದು ಹದಿನೈದು ವರ್ಷವಾದವರೂ ಹಾಸನ, ಧಾರವಾಡ, ಉಡುಪಿ, ತುಮಕೂರು ಎಂದೇ ಉತ್ತರ ಕೊಡುತ್ತಾರೆ. ಅದು ಸಹಜವೇ. ಆದರೆ ನಮ್ಮ ಕನ್ನಡ ತರಗತಿಯಲ್ಲಿ "ನಮ್ಮ ಊರು" ಎಂಬ ವಿಷಯದ ಮೇಲೆ ಹತ್ತು ವಾಕ್ಯ ಬರೆಯಿರಿ ಎಂದರೆ, ಇಲ್ಲಿಯೇ ಹುಟ್ಟಿ ಬೆಳೆದ ಮಕ್ಕಳೂ ಅಜ್ಜಿ ಮನೆಯ ಬಗ್ಗೆಯೇ ಬರೆದುಕೊಂಡು ಬರುತ್ತಾರೆ. ಎರಡು ವರ್ಷಕ್ಕೊಮ್ಮೆ ಮೂರು ವಾರ ನೋಡುವ ಜಾಗ ಅವರ ಊರು. ವರ್ಷವಿಡೀ ಸೈಕಲ್ ಹೊಡೆಯುವ ಬೀದಿ ಬರೀ ಒಂದು ವಿಳಾಸ. "ಇಲ್ಲಿಯ ಬಗ್ಗೆ ಬರೆಯೋದಕ್ಕೆ ಏನಿದೆ ಟೀಚರ್? ಮನೆ ಇದೆ, ಮರ ಇದೆ, ಮಾಲ್ ಇದೆ, ಅಷ್ಟೇ" ಎಂದು ಒಬ್ಬ ಹುಡುಗ ಹೇಳಿದ.

ಈ ಲೇಖನ ಅವನಿಗೆ ಉತ್ತರ. ಜೊತೆಗೆ ಪೋಷಕರಿಗೂ ಒಂದೆರಡು ಮಾತು. ನಮ್ಮ ಶಾಲೆಗೆ ಬೇರೆ ಬೇರೆ ಊರುಗಳಿಂದ ಮಕ್ಕಳು ಬರುತ್ತಾರಾದರೂ, ನಾವು ವಾಸವಿರುವುದು ಮೇರಿಲ್ಯಾಂಡಿನ ಹೋವರ್ಡ್ ಕೌಂಟಿಯ ಕೊಲಂಬಿಯದಲ್ಲಿ. ಆದ್ದರಿಂದ ಕೊಲಂಬಿಯದ ಕಥೆಯನ್ನೇ ಹೇಳುತ್ತೇವೆ.

ಬಾಲ್ಟಿಮೋರ್ ಮತ್ತು ವಾಷಿಂಗ್ಟನ್ ನಗರಗಳ ನಡುವೆ ಇರುವ ಈ ಜಾಗ ಅರವತ್ತು-ಎಪ್ಪತ್ತು ವರ್ಷಗಳ ಹಿಂದೆ ಬರೀ ಹೊಲ, ಹುಲ್ಲುಗಾವಲು, ಕಾಡು. ಜೇಮ್ಸ್ ರೌಸ್ ಎಂಬ ಮೇರಿಲ್ಯಾಂಡಿನವನೇ ಆದ ವ್ಯಾಪಾರಸ್ಥ ಇಲ್ಲಿ ಒಂದು ಹೊಸ ಊರು ಕಟ್ಟುವ ಮನಸ್ಸು ಮಾಡಿದ. 1914ರಲ್ಲಿ ಈಸ್ಟನ್ ಎಂಬ ಸಣ್ಣ ಊರಿನಲ್ಲಿ ಹುಟ್ಟಿದ ರೌಸ್, ಮಾಲ್‌ಗಳನ್ನು ಕಟ್ಟಿ ಹೆಸರು ಮಾಡಿದ್ದ. 1962-63ರಲ್ಲಿ ಒಂದು ವಿಮಾ ಕಂಪನಿಯ ಹಣದ ಬೆಂಬಲದಿಂದ ಅವನ ಕಂಪನಿ ಇಲ್ಲಿನ ರೈತರಿಂದ ಒಂದೊಂದೇ ಜಮೀನು ಕೊಳ್ಳುತ್ತ ಬಂತು. ಕೊಳ್ಳುತ್ತಿರುವವರು ಯಾರು, ಏಕೆ ಎಂಬುದು ಯಾರಿಗೂ ತಿಳಿಯದಂತೆ ಗುಟ್ಟಾಗಿಟ್ಟಿದ್ದರು. ತಿಳಿದಿದ್ದರೆ ಬೆಲೆ ಗಗನಕ್ಕೇರುತ್ತಿತ್ತು. ಸುಮಾರು 14,000 ಎಕರೆ, ಅಂದರೆ ಇಡೀ ಕೌಂಟಿಯ ಹತ್ತರಲ್ಲೊಂದು ಭಾಗ, ಹೀಗೆ ಒಂದೇ ಕೈಗೆ ಬಂತು. 1963ರ ಅಕ್ಟೋಬರ್‌ನಲ್ಲಿ ಗುಟ್ಟು ಹೊರಬಿದ್ದಾಗ ಊರಿನವರಿಗೆಲ್ಲ ಆಶ್ಚರ್ಯ.

ರೌಸ್ ಮನೆ ಕಟ್ಟುವ ಮೊದಲು ಸಮಾಜಶಾಸ್ತ್ರ, ಶಿಕ್ಷಣ, ಆರೋಗ್ಯ ಮುಂತಾದ ಕ್ಷೇತ್ರಗಳ ತಜ್ಞರನ್ನು ಕೂಡಿಸಿ, ಮನುಷ್ಯರು ಚೆನ್ನಾಗಿ ಬದುಕಲು ಊರು ಹೇಗಿರಬೇಕು ಎಂದು ಕೇಳಿದ. ಅದರಂತೆ ಊರನ್ನು 'ವಿಲೇಜ್'ಗಳಾಗಿ, ಅಂದರೆ ಹಳ್ಳಿಗಳಾಗಿ ವಿಂಗಡಿಸಲಾಯಿತು. ಇಂದು ಅಂಥ ಹತ್ತು ಹಳ್ಳಿಗಳಿವೆ. ಪ್ರತಿ ಹಳ್ಳಿಯ ನಡುವೆ ಅಂಗಡಿ, ಸಭಾಂಗಣ. ಮಕ್ಕಳು ಕಾರಿನ ರಸ್ತೆಗೆ ಇಳಿಯದೆ ಓಡಾಡಲು ಕಾಲುದಾರಿಗಳು. ಈಗ ಇಂಥ ದಾರಿಗಳ ಉದ್ದ ತೊಂಬತ್ತು ಮೈಲಿಗೂ ಹೆಚ್ಚು. ಕಟ್ಟೆ ಕಟ್ಟಿ ನಿಲ್ಲಿಸಿದ ಕೆರೆಗಳು. ಮೊದಲ ಹಳ್ಳಿ 'ವೈಲ್ಡ್ ಲೇಕ್' ಎಂದರೆ ಕಾಡು ಕೆರೆ ಎಂದು ನಮ್ಮ ಮಕ್ಕಳಲ್ಲಿ ಅನೇಕರು ತಿಳಿದಿದ್ದಾರೆ. ಅಲ್ಲ, ಹಣ ಕೊಟ್ಟ ವಿಮಾ ಕಂಪನಿಯ ಮುಖ್ಯಸ್ಥ ಫ್ರೇಜರ್ ವೈಲ್ಡ್ ಅವರ ಹೆಸರು ಅದು!

ಬೀದಿ, ಬಡಾವಣೆಗಳ ಹೆಸರುಗಳೂ ಹಾಗೆಯೇ. ಅನೇಕ ಹೆಸರುಗಳನ್ನು ಸಾಹಿತ್ಯದಿಂದ ತೆಗೆದುಕೊಂಡರು. ಬ್ರಯಂಟ್ ವುಡ್ಸ್, ಲಾಂಗ್‌ಫೆಲೊ ಎಂಬಲ್ಲಿ ಕವಿಗಳಿದ್ದಾರೆ. ಫಾಕ್ನರ್ ರಿಜ್‌ನಲ್ಲಿ ಕಾದಂಬರಿಕಾರನಿದ್ದಾನೆ. ಕ್ಲೆಮೆನ್ಸ್ ಕ್ರಾಸಿಂಗ್ ಎಂದರೆ ಮಾರ್ಕ್ ಟ್ವೈನ್‌ನ ನಿಜವಾದ ಹೆಸರು. ಹಾಬಿಟ್ಸ್ ಗ್ಲೆನ್ ಎಂಬ ಹೆಸರು ಟೋಲ್ಕಿನ್‌ನ ಕಥೆಗಳನ್ನು ಓದಿದ ಮಕ್ಕಳಿಗೆ ಹೇಳಬೇಕಾಗಿಲ್ಲ. ಮೈಸೂರಿನವರು ಕುವೆಂಪುನಗರ ಎಂದು ಹೆಸರಿಟ್ಟು ಹೆಮ್ಮೆಪಡುವಂತೆಯೇ ಇದು.

ಇನ್ನೊಂದು ಸಣ್ಣ ಸಂಗತಿ ನಮಗೆ ಬಹಳ ಮೆಚ್ಚುಗೆಯಾದದ್ದು. ಕೊಲಂಬಿಯದ ಹಳೆಯ ಬೀದಿಗಳಲ್ಲಿ ಮನೆ ಮನೆಗೂ ಅಂಚೆ ಪೆಟ್ಟಿಗೆ ಇಲ್ಲ. ಹತ್ತಾರು ಮನೆಗಳ ಪೆಟ್ಟಿಗೆಗಳು ಒಂದೇ ಕಡೆ ಇವೆ. ಪತ್ರ ತರಲು ಹೋದ ನೆರೆಹೊರೆಯವರು ಅಲ್ಲಿ ಒಬ್ಬರನ್ನೊಬ್ಬರು ಭೇಟಿಯಾಗಲಿ ಎಂದೇ ಹೀಗೆ ಮಾಡಿದರು. "ಊರಿಗೆ ಬಂದವಳು ನೀರಿಗೆ ಬಾರದೆ ಇರುತ್ತಾಳೆಯೇ?" ಎಂಬ ಗಾದೆ ನಮ್ಮಲ್ಲಿದೆಯಲ್ಲ, ಹಾಗೆ. ನಮ್ಮ ಕಡೆ ಬಾವಿಕಟ್ಟೆ ಮಾಡುತ್ತಿದ್ದ ಕೆಲಸವನ್ನು ಇಲ್ಲಿ ಅಂಚೆ ಪೆಟ್ಟಿಗೆ ಮಾಡಿತು. ನಾವೂ ನಮ್ಮ ಬೀದಿಯವರ ಪರಿಚಯ ಮಾಡಿಕೊಂಡದ್ದು ಅಲ್ಲಿಯೇ. ಚಳಿಗಾಲದಲ್ಲಿ ಹಿಮ ಸರಿಸಲು ಯಾರನ್ನು ಕರೆಯಬೇಕು, ಟೊಮೇಟೊ ಗಿಡ ಯಾವಾಗ ನೆಡಬೇಕು, ಜಿಂಕೆ ಯಾವ ಗಿಡ ತಿನ್ನುವುದಿಲ್ಲ, ಇವೆಲ್ಲ ಅಲ್ಲಿ ಕಲಿತ ಪಾಠಗಳು.

ಆದರೆ ಮಕ್ಕಳೇ, ಕೆರೆ, ದಾರಿ, ಹೆಸರು ಇವೆಲ್ಲಕ್ಕಿಂತ ಮುಖ್ಯವಾದ ಸಂಗತಿ ಬೇರೆ ಇದೆ. ಈ ಊರಿನಲ್ಲಿ ಮನೆ ಕೊಳ್ಳಲು ಯಾರಿಗೆ ಅವಕಾಶವಿತ್ತು ಎಂಬುದು.

ಆ ಕಾಲದಲ್ಲಿ ಅಮೆರಿಕದ ಹೊಸ ಬಡಾವಣೆಗಳಲ್ಲಿ ಬಹುಪಾಲು ಬಿಳಿಯರಿಗೆ ಮಾತ್ರ. ಎಷ್ಟೋ ಕಡೆ ಮನೆಯ ಪತ್ರದಲ್ಲಿಯೇ "ಬಿಳಿಯರಲ್ಲದವರಿಗೆ ಮಾರಕೂಡದು" ಎಂಬ ಷರತ್ತು ಬರೆದಿರುತ್ತಿತ್ತು. ಇಂಥ ಷರತ್ತನ್ನು ನ್ಯಾಯಾಲಯಗಳು ಜಾರಿ ಮಾಡುವಂತಿಲ್ಲ ಎಂದು 1948ರಲ್ಲಿ ಸುಪ್ರೀಂ ಕೋರ್ಟ್ ಹೇಳಿತಾದರೂ, ಮಾರುವುದಿಲ್ಲ ಎನ್ನುವ ಬಿಲ್ಡರ್‌ನನ್ನು ತಡೆಯುವ ಕಾನೂನು ಇರಲಿಲ್ಲ. ದೂರ ಹೋಗಬೇಕಿಲ್ಲ. ನಾವೆಲ್ಲ ಲ್ಯಾನ್‌ಹ್ಯಾಮ್‌ನ ಶಿವ-ವಿಷ್ಣು ದೇವಾಲಯಕ್ಕೆ ಹೋಗುತ್ತೇವಲ್ಲ, ಅದರ ಹತ್ತಿರವೇ ಬೋವಿ ಎಂಬ ಊರಿದೆ. ಅಲ್ಲಿ ಲೆವಿಟ್ ಎಂಬ ಹೆಸರಾಂತ ಕಂಪನಿ 1957ರಲ್ಲಿ ಒಂದು ಹಳೆಯ ಎಸ್ಟೇಟ್ ಕೊಂಡು 'ಬೆಲೇರ್' ಎಂಬ ದೊಡ್ಡ ಬಡಾವಣೆ ಕಟ್ಟಿತು. ಮಧ್ಯಮ ವರ್ಗದವರ ಕೈಗೆಟುಕುವ ಅಂದವಾದ ಮನೆಗಳು. ಆದರೆ ಕಪ್ಪು ಜನರಿಗೆ ಮಾರುತ್ತಿರಲಿಲ್ಲ. 1963ರಲ್ಲಿ ಇದನ್ನು ವಿರೋಧಿಸಿ ಜನ ಅಲ್ಲಿ ಪ್ರತಿಭಟನೆ ನಡೆಸಿದರು. ಇಂದು ಅದೇ ಬೋವಿಯ ನಿವಾಸಿಗಳಲ್ಲಿ ಕಪ್ಪು ಜನರೇ ಬಹುಸಂಖ್ಯಾತರು ಎಂಬುದು ಕಾಲದ ಮಹಿಮೆ.

ಹೋವರ್ಡ್ ಕೌಂಟಿಯೂ ಇದಕ್ಕೆ ಹೊರತಾಗಿರಲಿಲ್ಲ. ಇಲ್ಲಿನ ಹೊಲಗಳಲ್ಲಿ ಒಂದು ಕಾಲಕ್ಕೆ ಗುಲಾಮರು ದುಡಿದಿದ್ದರು. ಬಿಡುಗಡೆ ಹೊಂದಿದ ಕುಟುಂಬಗಳು ನೆಲೆಸಿದ ಜಾಗಕ್ಕೆ ಫ್ರೀಟೌನ್ ಎಂಬ ಹೆಸರು ಬಂತು. ಫ್ರೀಟೌನ್ ರೋಡ್ ಇಂದಿಗೂ ಇದೆ. ಆ ರಸ್ತೆಯಲ್ಲೇ ಹ್ಯಾರಿಯೆಟ್ ಟಬ್ಮನ್ ಹೈಸ್ಕೂಲ್ ಇತ್ತು. ಕಪ್ಪು ಮಕ್ಕಳಿಗೆಂದೇ ಪ್ರತ್ಯೇಕವಾಗಿ ನಡೆಯುತ್ತಿದ್ದ ಶಾಲೆ. ಕೌಂಟಿಯ ಶಾಲೆಗಳಲ್ಲಿ ಎಲ್ಲ ಮಕ್ಕಳೂ ಒಂದಾಗಿ ಕೂರುವಂತಾದಾಗ, 1965ರಲ್ಲಿ, ಆ ಶಾಲೆ ಮುಚ್ಚಿತು. ಅದೇ ಕಟ್ಟಡ 2022ರಲ್ಲಿ ಸಾಂಸ್ಕೃತಿಕ ಕೇಂದ್ರವಾಗಿ ತೆರೆಯಿತು. ಅಲ್ಲಿ ಕಲಿತವರಲ್ಲಿ ಅನೇಕರು ಇನ್ನೂ ನಮ್ಮ ನಡುವೆ ಇದ್ದಾರೆ. ಎಂದರೆ ಇದು ಪುರಾಣವಲ್ಲ, ನಿಮ್ಮ ಅಜ್ಜ-ಅಜ್ಜಿಯರ ವಯಸ್ಸಿನವರ ಬಾಲ್ಯ.

ಇಂಥ ಕೌಂಟಿಯಲ್ಲಿ ರೌಸ್ ತನ್ನ ಊರು ಎಲ್ಲರಿಗೂ ತೆರೆದಿರುತ್ತದೆ ಎಂದು ಹೇಳಿದ. ಬಣ್ಣ, ಧರ್ಮ ನೋಡದೆ ಮನೆ ಮಾರಬೇಕು ಎಂದ. ಕಂಪನಿಯ ಅಧ್ಯಕ್ಷನೂ ಅಲ್ಲಿನ ಕಟ್ಟಡ ಗುಡಿಸುವವನೂ ಒಂದೇ ಊರಿನಲ್ಲಿ ಇರುವಂತಾಗಬೇಕು ಎಂಬುದು ಅವನ ಆಸೆ. ಅವನು ಸಂತನೇನಲ್ಲ. ಇದರಿಂದ ಲಾಭವೂ ಬರಬೇಕು ಎಂದು ಬಾಯಿಬಿಟ್ಟು ಹೇಳುತ್ತಿದ್ದ ವ್ಯಾಪಾರಿ. ಆದರೂ ಕಾನೂನು ಹೇಳುವುದಕ್ಕೆ ಮೊದಲೇ ಅವನು ಬಾಗಿಲು ತೆರೆದ ಎಂಬುದು ದೊಡ್ಡ ಮಾತು. ಕೊಲಂಬಿಯದ ಉದ್ಘಾಟನೆ 1967ರ ಜೂನ್ 21ರಂದು. ಅದಕ್ಕೆ ಒಂಬತ್ತು ದಿನ ಮೊದಲು, ಜೂನ್ 12ರಂದು, ಬೇರೆ ಬೇರೆ ಬಣ್ಣದವರು ಮದುವೆಯಾಗುವುದನ್ನು ನಿಷೇಧಿಸಿದ್ದ ವರ್ಜೀನಿಯದ ಕಾನೂನನ್ನು ಸುಪ್ರೀಂ ಕೋರ್ಟ್ ರದ್ದು ಮಾಡಿತ್ತು. ಅಂಥ ಜೋಡಿಗಳು ಕೂಡ ಕೊಲಂಬಿಯಕ್ಕೆ ಬಂದು ನೆಮ್ಮದಿಯಿಂದ ನೆಲೆಸಿದವು. 1970ರಲ್ಲಿ ವೈಲ್ಡ್ ಲೇಕ್‌ನಲ್ಲಿ ಕ್ಯಾಥೊಲಿಕರು, ಪ್ರಾಟೆಸ್ಟೆಂಟರು, ಯಹೂದ್ಯರು ಒಂದೇ ಸೂರಿನಡಿ ಪ್ರಾರ್ಥನೆ ಮಾಡುವ ಸರ್ವಧರ್ಮ ಕೇಂದ್ರವೂ ಆಯಿತು.

ದೇಶಕ್ಕೆಲ್ಲ ಅನ್ವಯಿಸುವ ಕಾನೂನು ಬಂದದ್ದು ಮರುವರ್ಷ. 1968ರ ಏಪ್ರಿಲ್ 4ರಂದು ಮಾರ್ಟಿನ್ ಲೂಥರ್ ಕಿಂಗ್ ಅವರ ಹತ್ಯೆಯಾಯಿತು. ನಮ್ಮ ಎರಡೂ ಕಡೆಯ ನಗರಗಳು, ಬಾಲ್ಟಿಮೋರ್ ಮತ್ತು ವಾಷಿಂಗ್ಟನ್, ಹೊತ್ತಿ ಉರಿದವು. ಅದೇ ಏಪ್ರಿಲ್ 11ರಂದು ಮನೆ ಮಾರುವಾಗ, ಬಾಡಿಗೆಗೆ ಕೊಡುವಾಗ ಭೇದ ಮಾಡಕೂಡದು ಎಂಬ ಕಾನೂನಿಗೆ ಅಧ್ಯಕ್ಷ ಲಿಂಡನ್ ಜಾನ್ಸನ್ ಸಹಿ ಹಾಕಿದರು.

"ಇದು ಅವರ ಕಥೆ, ನಮಗೇನು ಸಂಬಂಧ?" ಎಂದು ಯಾರಾದರೂ ಕೇಳಬಹುದು. ಸಂಬಂಧ ಬಹಳ ಹತ್ತಿರದ್ದು. 1923ರಲ್ಲಿ ಭಗತ್ ಸಿಂಗ್ ಥಿಂಡ್ ಎಂಬ ಪಂಜಾಬಿನವರ ಮೊಕದ್ದಮೆಯಲ್ಲಿ, ಭಾರತೀಯರು ಬಿಳಿಯರಲ್ಲ, ಆದ್ದರಿಂದ ಪೌರತ್ವಕ್ಕೆ ಅರ್ಹರಲ್ಲ ಎಂದು ಇದೇ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿತ್ತು. 1946ರಲ್ಲಿ ಪೌರತ್ವದ ಬಾಗಿಲು ತೆರೆದಾಗಲೂ ಭಾರತಕ್ಕೆ ಸಿಕ್ಕ ಪಾಲು ವರ್ಷಕ್ಕೆ 100 ಜನ! ನಮ್ಮ ಒಂದು ಯುಗಾದಿ ಊಟದ ಪಂಕ್ತಿಯಲ್ಲಿಯೇ ಅದಕ್ಕಿಂತ ಹೆಚ್ಚು ಎಲೆ ಬೀಳುತ್ತದೆ. ಯಾವ ದೇಶದಲ್ಲಿ ಹುಟ್ಟಿದವರು ಎಂದು ನೋಡಿ ಆರಿಸುವ ಆ ಪದ್ಧತಿಯನ್ನು ತೆಗೆದುಹಾಕಿದ್ದು 1965ರ ಅಕ್ಟೋಬರ್ 3ರಂದು ಸಹಿಯಾದ ವಲಸೆ ಕಾನೂನು. ಕಪ್ಪು ಜನರು ಬೀದಿಗಿಳಿದು, ಏಟು ತಿಂದು, ಜೈಲಿಗೆ ಹೋಗಿ ನಡೆಸಿದ ಸಮಾನ ಹಕ್ಕುಗಳ ಹೋರಾಟ ದೇಶದ ಮನಸ್ಸನ್ನು ಬದಲಿಸದೆ ಇದ್ದಿದ್ದರೆ ಆ ಕಾನೂನು ಬರುತ್ತಿತ್ತೆಂದು ನಮಗೆ ಅನಿಸುವುದಿಲ್ಲ.

1965, 1967, 1968. ಈ ಮೂರು ಇಸವಿಗಳನ್ನು ಒಟ್ಟಿಗೆ ನೆನಪಿಡಿ. ಮೊದಲನೆಯದು ನಮ್ಮವರಿಗೆ ದೇಶದ ಬಾಗಿಲು ತೆರೆಯಿತು. ಎರಡನೆಯದು ಈ ಊರಿನದು. ಮೂರನೆಯದು ಎಲ್ಲ ಊರುಗಳದು. ನಾವು ಓದಿದೆವು, ದುಡಿದೆವು, ಸಾಲ ಮಾಡಿ ಮನೆ ಕೊಂಡೆವು, ನಿಜ. ನಮ್ಮ ಶ್ರಮವನ್ನು ಯಾರೂ ಅಲ್ಲಗಳೆಯುವುದಿಲ್ಲ. ಆದರೆ ನಾವು ಬಂದಾಗ ಬಾಗಿಲು ತೆರೆದಿತ್ತು, ಅದನ್ನು ತೆರೆದವರು ಬೇರೆಯವರು. ಈ ಮಾತು ನಮ್ಮ ಮಕ್ಕಳ ಶಾಲೆಯ ಇತಿಹಾಸದ ಪುಸ್ತಕದಲ್ಲಿ ಒಂದು ಪಾಠವಾಗಿ ಬರುತ್ತದೆ. ಮನೆಯ ಊಟದ ಮೇಜಿನ ಮೇಲೂ ಬರಬೇಕು.

ಅಟ್ಲಾಂಟಾದಲ್ಲಿರುವ ನಮ್ಮ ಬಂಧುಗಳ ಊರಿಗೂ ಇಂಥದೊಂದು ಕಥೆಯಿದೆ. ಅಟ್ಲಾಂಟಾದ ಉತ್ತರದ ಫೋರ್ಸೈತ್ ಕೌಂಟಿಯಲ್ಲಿ ಇಂದು ಎಲ್ಲಿ ನೋಡಿದರೂ ನಮ್ಮವರೇ. ದೀಪಾವಳಿಗೆ ಬೀದಿಗೆ ಬೀದಿಯೇ ಬೆಳಗುತ್ತದೆ. ಆದರೆ 1912ರಲ್ಲಿ ಅದೇ ಕೌಂಟಿಯಿಂದ ಸುಮಾರು ಸಾವಿರದ ನೂರು ಕಪ್ಪು ಜನರನ್ನು ಬೆದರಿಸಿ ಓಡಿಸಿದರು. ಆಮೇಲೆ ಎಷ್ಟೋ ದಶಕಗಳ ಕಾಲ ಅಲ್ಲಿ ಕಪ್ಪು ಜನ ವಾಸವಿರುವಂತಿರಲಿಲ್ಲ. 1987ರ ಜನವರಿಯಲ್ಲಿ ಸಾವಿರಾರು ಜನ ಅಲ್ಲಿಗೆ ಹೋಗಿ ಮೆರವಣಿಗೆ ಮಾಡಿದಾಗ ಇಡೀ ದೇಶದ ಕಣ್ಣು ಆ ಕೌಂಟಿಯ ಮೇಲೆ ಬಿತ್ತು. ಈಗ ಅಲ್ಲಿ ಕ್ರಿಕೆಟ್ ಆಡುವ ನಮ್ಮ ಮಕ್ಕಳಲ್ಲಿ ಎಷ್ಟು ಜನಕ್ಕೆ ಇದು ಗೊತ್ತು?

ಅಮೆರಿಕದವರನ್ನು ಮಾತ್ರ ಬೊಟ್ಟು ಮಾಡಿ ತೋರಿಸುವುದು ನಮ್ಮ ಉದ್ದೇಶವಲ್ಲ. ಬೆಂಗಳೂರಿನ ಬಸವನಗುಡಿ, ಮಲ್ಲೇಶ್ವರ ಎಂದರೆ ನಮಗೆಲ್ಲ ಎಷ್ಟು ಪ್ರೀತಿ! 1898ರಲ್ಲಿ ಪ್ಲೇಗ್ ಬಂದು ಪೇಟೆಯ ಇಕ್ಕಟ್ಟಿನಲ್ಲಿ ಜನ ಸತ್ತಾಗ, ಗಾಳಿ ಬೆಳಕು ಬರುವ ಅಗಲವಾದ ಬೀದಿಗಳನ್ನು ಹಾಕಿ ಈ ಬಡಾವಣೆಗಳನ್ನು ಮಾಡಿದರು. ಅವು ಆ ಕಾಲದ ಕೊಲಂಬಿಯಗಳೇ. ಆದರೆ ಅಲ್ಲಿಯೂ ಜಾತಿ-ಸಮುದಾಯಗಳಿಗೆ ಬೇರೆ ಬೇರೆ ಬ್ಲಾಕುಗಳಿದ್ದವು. ಇಂದಿಗೂ ನಮ್ಮ ನಗರಗಳಲ್ಲಿ ಬಾಡಿಗೆ ಮನೆ ಹುಡುಕುವವರನ್ನು "ನೀವು ಯಾವ ಜನ?" ಎಂದು ಕೇಳುತ್ತಾರೆ. "ಸಸ್ಯಾಹಾರಿಗಳಿಗೆ ಮಾತ್ರ" ಎಂಬ ಬೋರ್ಡು ತೂಗುತ್ತದೆ. ಆದ್ದರಿಂದ ಯಾರು ನಮ್ಮ ಪಕ್ಕದ ಮನೆಯಲ್ಲಿರಬಹುದು ಎಂಬ ಪ್ರಶ್ನೆ ನಮಗೆ ಹೊಸದೂ ಅಲ್ಲ, ಪರಕೀಯವೂ ಅಲ್ಲ. ಅದು ನಮ್ಮ ಸೂಟ್‌ಕೇಸಿನೊಳಗೆ ಕುಳಿತು ಸಮುದ್ರ ದಾಟಿ ಬರುವುದೂ ಉಂಟು.

ಇದನ್ನು ಏಕೆ ಹೇಳುತ್ತೇವೆಂದರೆ, ಇಲ್ಲಿಗೆ ಹೊಸದಾಗಿ ಬಂದು ಮನೆ ಹುಡುಕುವ ನಮ್ಮವರು ಸಾಮಾನ್ಯವಾಗಿ ಮೂರು ಪ್ರಶ್ನೆ ಕೇಳುತ್ತಾರೆ. "ಸ್ಕೂಲ್ ರೇಟಿಂಗ್ ಎಷ್ಟು?" "ನಮ್ಮವರು ಇದ್ದಾರಾ?" ಇವೆರಡೂ ಸರಿಯಾದ ಪ್ರಶ್ನೆಗಳೇ. ಯಾವ ತಂದೆ-ತಾಯಿಗೆ ಒಳ್ಳೆಯ ಶಾಲೆ ಬೇಡ? ಹಬ್ಬದ ದಿನ ಬಾಗಿಲು ತಟ್ಟಲು ಒಂದು ಕನ್ನಡದ ಮನೆ ಬೇಡ? ಮೂರನೆಯ ಪ್ರಶ್ನೆಯನ್ನು ಮಾತ್ರ ಸ್ವಲ್ಪ ದನಿ ತಗ್ಗಿಸಿ ಕೇಳುತ್ತಾರೆ: "ಅಲ್ಲಿ ಎಂಥ ಜನ ಇದ್ದಾರೆ?" ದನಿ ತಗ್ಗಿಸಬೇಕಾದ ಪ್ರಶ್ನೆ ಯಾವುದೆಂದು ಕೇಳುವವರಿಗೂ ಗೊತ್ತಿರುತ್ತದೆ. ಕಾರಿನ ಹಿಂದಿನ ಸೀಟಿನಲ್ಲಿ ಕುಳಿತ ಮಕ್ಕಳಿಗೆ ಅದು ಸ್ಪಷ್ಟವಾಗಿ ಕೇಳಿಸುತ್ತದೆ. ಮಕ್ಕಳು ಅಪ್ಪ-ಅಮ್ಮನ ಭಾಷೆ ಕಲಿಯುವುದು ನಮ್ಮ ತರಗತಿಯಲ್ಲಿ ಮಾತ್ರ ಅಲ್ಲ.

2019ರಲ್ಲಿ ಹೋವರ್ಡ್ ಕೌಂಟಿಯಲ್ಲಿ ಶಾಲೆಗಳ ಗಡಿ ಬದಲಿಸುವ ಯೋಜನೆ ಬಂತು. ಕೆಲವು ಶಾಲೆಗಳು ತುಂಬಿ ತುಳುಕುತ್ತಿದ್ದವು. ಜೊತೆಗೆ ಬಡ ಕುಟುಂಬಗಳ ಮಕ್ಕಳು ಕೆಲವೇ ಶಾಲೆಗಳಲ್ಲಿ ಸೇರಿಕೊಂಡಿದ್ದಾರೆ, ಅದನ್ನು ಸರಿದೂಗಿಸಬೇಕು ಎಂಬ ಉದ್ದೇಶವೂ ಇತ್ತು. ಆಗ ಎದ್ದ ಗದ್ದಲವನ್ನು ಪೋಷಕರು ಮರೆತಿರಲಾರರು. ಸಭೆಗಳು, ಫಲಕಗಳು, ಪ್ರತಿಭಟನೆಗಳು. ಭಾರತೀಯ ಕುಟುಂಬಗಳು ಎರಡೂ ಕಡೆ ಇದ್ದವು. ಕೊನೆಗೆ ನವೆಂಬರ್‌ನಲ್ಲಿ ಐದು ಸಾವಿರಕ್ಕೂ ಹೆಚ್ಚು ಮಕ್ಕಳ ಶಾಲೆ ಬದಲಿಸುವ ತೀರ್ಮಾನವಾಯಿತು. ಯಾರು ಸರಿ, ಯಾರು ತಪ್ಪು ಎಂದು ತೀರ್ಪು ಹೇಳಲು ನಾವು ಹೊರಟಿಲ್ಲ. ಮಗುವಿನ ಗೆಳೆಯರು, ಬಸ್ಸಿನ ದೂರ, ತಂಗಿ ಒಂದು ಶಾಲೆ ಅಣ್ಣ ಒಂದು ಶಾಲೆ, ಈ ಕಷ್ಟಗಳೆಲ್ಲ ನಿಜವಾದವೇ. ಆದರೆ ಆ ಮಾತುಗಳ ನಡುವೆ "ಆ ಶಾಲೆಯ ಮಕ್ಕಳು" ಎಂಬ ಮಾತು ಬಂದಾಗ, ಆ ಶಾಲೆಯ ಮಕ್ಕಳೂ ಅದನ್ನು ಕೇಳಿಸಿಕೊಳ್ಳುತ್ತಿದ್ದರು ಎಂಬುದನ್ನು ಶಿಕ್ಷಕರಾದ ನಾವು ಮರೆಯುವಂತಿಲ್ಲ.

ಕೊಲಂಬಿಯ ಸ್ವರ್ಗವೇನೂ ಆಗಲಿಲ್ಲ. ಕಟ್ಟಡ ಗುಡಿಸುವವನೂ ಇಲ್ಲೇ ಮನೆ ಮಾಡಬೇಕು ಎಂದು ರೌಸ್ ಆಸೆಪಟ್ಟ. ಆದರೆ ಈಗಿನ ಮನೆಗಳ ಬೆಲೆಗೆ ಶಿಕ್ಷಕರೇ ಹಿಂದೆ ಮುಂದೆ ನೋಡಬೇಕು. ಹಳ್ಳಿಯ ನಡುವಿನ ಅಂಗಡಿಗಳು ಹೆದ್ದಾರಿ ಪಕ್ಕದ ದೊಡ್ಡ ಅಂಗಡಿಗಳೆದುರು ಸೊರಗಿವೆ. ಅಂಚೆ ಪೆಟ್ಟಿಗೆಯ ಬಳಿ ನಿಂತವರ ಕಣ್ಣು ಫೋನಿನ ಮೇಲೆ. ಇಲ್ಲಿ ಮೇಯರ್ ಇಲ್ಲ. ಉದ್ಯಾನ, ಕೆರೆ, ಈಜುಕೊಳ ಎಲ್ಲವನ್ನೂ ನೋಡಿಕೊಳ್ಳುವುದು ಕೊಲಂಬಿಯ ಅಸೋಸಿಯೇಷನ್. ಅದರ ಮಂಡಳಿಗೂ ಹಳ್ಳಿಗಳ ಮಂಡಳಿಗಳಿಗೂ ಚುನಾವಣೆ ನಡೆಯುತ್ತದೆ, ಆದರೆ ಮತ ಹಾಕಲು ಬರುವವರು ಕಡಿಮೆ. 1996ರಲ್ಲಿ ರೌಸ್ ತೀರಿಕೊಂಡ. ಈಗ ಈ ಊರಿನಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಜನರಿದ್ದಾರೆ. ಊರು ಮುಂದೆ ಹೇಗಿರಬೇಕು ಎಂಬುದು ಈಗ ಅವನ ಕೈಯಲ್ಲಿಲ್ಲ, ನಮ್ಮ ಕೈಯಲ್ಲಿದೆ.

ಹಾಗಾದರೆ ವಿದ್ಯಾರ್ಥಿಗಳೇ, ಬೇಸಿಗೆ ರಜೆಗೆ ನಿಮಗೊಂದು ಮನೆಕೆಲಸ. ನಿಮ್ಮ ಬೀದಿಯ ಹೆಸರು ಎಲ್ಲಿಂದ ಬಂತು ಎಂದು ಹುಡುಕಿ. ನಿಮ್ಮ ಬೀದಿಯಲ್ಲಿ ಬಹಳ ವರ್ಷದಿಂದ ಇರುವ ಒಬ್ಬ ಹಿರಿಯರನ್ನು ಅಪ್ಪ ಅಥವಾ ಅಮ್ಮನ ಜೊತೆ ಹೋಗಿ ಮಾತನಾಡಿಸಿ. ಬರಿಗೈಯಲ್ಲಿ ಹೋಗಬೇಡಿ, ಮನೆಯಲ್ಲಿ ಮಾಡಿದ ಕೋಡುಬಳೆಯನ್ನೋ ಚಕ್ಕುಲಿಯನ್ನೋ ತೆಗೆದುಕೊಂಡು ಹೋಗಿ. ಅವರು ಈ ಊರಿಗೆ ಯಾವಾಗ ಬಂದರು, ಆಗ ಇಲ್ಲಿ ಏನಿತ್ತು, ಅವರಿಗೆ ಮನೆ ಸುಲಭವಾಗಿ ಸಿಕ್ಕಿತೇ ಎಂದು ಕೇಳಿ. ಹ್ಯಾರಿಯೆಟ್ ಟಬ್ಮನ್ ಕೇಂದ್ರವನ್ನು ಒಮ್ಮೆ ನೋಡಿ ಬನ್ನಿ. ಬೇರೆ ಊರಿನಲ್ಲಿರುವವರು ನಿಮ್ಮ ಊರಿನ ಇಂಥದೇ ಜಾಗವನ್ನು ಹುಡುಕಿ. ಕೇಳಿದ್ದನ್ನು ಕನ್ನಡದಲ್ಲಿ ಹತ್ತು ವಾಕ್ಯ ಬರೆಯಿರಿ. ಕಾಗುಣಿತ ತಪ್ಪಾದರೆ ಚಿಂತೆಯಿಲ್ಲ, ತಿದ್ದಲು ನಾವಿದ್ದೇವೆ.

ಪೋಷಕರಲ್ಲಿ ನಮ್ಮ ವಿನಂತಿ ಒಂದೇ. ಮುಂದಿನ ಸಲ ಪಕ್ಕದ ಮನೆ ಮಾರಾಟಕ್ಕೆ ಬಂದಾಗ, ಕೊಂಡವರು ಯಾರೇ ಆಗಿರಲಿ, ಯಾವ ದೇಶದವರೇ, ಯಾವ ಬಣ್ಣದವರೇ ಆಗಿರಲಿ, ಅವರ ಸಾಮಾನಿನ ಲಾರಿ ಬಂದ ದಿನ ಮಕ್ಕಳ ಕೈಯಲ್ಲಿ ಒಂದು ತಟ್ಟೆ ತಿಂಡಿ ಕೊಟ್ಟು ಕಳುಹಿಸಿ. ಊರು ಎನ್ನುವ ಪದಕ್ಕೆ ನಾವು ಹಲಗೆಯ ಮೇಲೆ ಬರೆಯುವ ಅರ್ಥಕ್ಕಿಂತ ಅದು ಚೆನ್ನಾಗಿ ಅರ್ಥವಾಗುತ್ತದೆ.